ಪಟ್ಟಿ ದೊಡ್ಡದಾದರೆ ಪಿಎಚ್‌ಪಿ ಪುಟ ಏಕೆ ನಿಲ್ಲುತ್ತದೆ: ಸ್ಟ್ರಿಂಗ್ ಜೋಡಣೆಯ ದೋಷ ಹುಡುಕುವ ಬಗೆ

ಮಾರ್ಚ್ ಕೊನೆಯ ವಾರ. ನಾನು ನೋಡಿಕೊಳ್ಳುವ ಒಂದು ಸಹಕಾರ ಸಂಘದ ಸೈಟಿನಲ್ಲಿ ಸದಸ್ಯರ ಪಟ್ಟಿ ತೆಗೆಯುವ ಪುಟ ಇದೆ. ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಸರ್, ಒಂದೂರಿಂದು ಕೇಳಿದ್ರೆ ತಕ್ಷಣ ಬರುತ್ತೆ. ಇಡೀ ತಾಲ್ಲೂಕಿಂದು ಕೇಳಿದ್ರೆ ಸುತ್ತಿ ಸುತ್ತಿ ಬಿಳಿ ಪುಟ."

ಚಿಕ್ಕ ಪಟ್ಟಿಗೆ ಸರಿ, ದೊಡ್ಡದಕ್ಕೆ ಬಿಳಿ ಪುಟ. ಈ ದೂರು, ವೆಬ್ ಪುಟ ಕಟ್ಟುವ ಭಾಷೆಯಾದ ಪಿಎಚ್‌ಪಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಮ್ಮ ಪುಟದ ಕ್ರಮ ಸರಳ. ಡೇಟಾಬೇಸಿನಿಂದ ಒಬ್ಬೊಬ್ಬ ಸದಸ್ಯರ ವಿವರ ತಗೊಂಡು ಟೇಬಲ್‌ನ ಒಂದು ಸಾಲು ಕಟ್ಟುವುದು, ಅದನ್ನು ದೊಡ್ಡ ಸ್ಟ್ರಿಂಗಿಗೆ, ಅಂದರೆ ಅಕ್ಷರಗಳ ಸರಣಿಗೆ, ಸೇರಿಸುವುದು, ಕೊನೆಗೆ ಒಟ್ಟಿಗೆ ಎಕೋ ಮಾಡುವುದು, ಅಂದರೆ ಬ್ರೌಸರಿಗೆ ಕಳಿಸುವುದು.

ಇಂಥ ಹೊತ್ತಿನಲ್ಲಿ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡು. ಡಬಲ್ ಕೋಟ್ ತೆಗೆದು ಸಿಂಗಲ್ ಕೋಟ್ ಹಾಕಿ ಎನ್ನುವುದು ಒಂದು. ಚುಕ್ಕೆ (ಪಿಎಚ್‌ಪಿಯಲ್ಲಿ ಸ್ಟ್ರಿಂಗ್ ಜೋಡಿಸುವ ಗುರುತು) ಹಾಕಿ ಜೋಡಿಸುವುದನ್ನು ಬಿಟ್ಟು, ತುಂಡುಗಳನ್ನು ಅರೇ ಎಂಬ ಪಟ್ಟಿಯಲ್ಲಿ ತುಂಬಿ, ಕೊನೆಗೆ ಇಂಪ್ಲೋಡ್ ಮಾಡಿ ಒಟ್ಟಿಗೆ ಜೋಡಿಸಿ ಎನ್ನುವುದು ಇನ್ನೊಂದು. ಎರಡನ್ನೂ ಸದ್ಯಕ್ಕೆ ಬದಿಗಿಡಿ. ಮೊದಲನೆಯದರಿಂದ ಕಣ್ಣಿಗೆ ಕಾಣುವ ಲಾಭ ಏನೂ ಇಲ್ಲ. ಎರಡನೆಯದು ಕೆಲವೊಮ್ಮೆ ಮೆಮೊರಿ ಖರ್ಚನ್ನು ಜಾಸ್ತಿ ಮಾಡುತ್ತದೆ. ಚುಕ್ಕೆಯಿಂದ ತೊಂದರೆ ಇಲ್ಲ, ಗೊತ್ತಿಲ್ಲದೆ ನಡೆಯುವ ಸ್ಟ್ರಿಂಗಿನ ನಕಲಿನಿಂದ ತೊಂದರೆ. ಆ ನಕಲು ಎಲ್ಲಾಗುತ್ತಿದೆ ಅಂತ ಹುಡುಕಬೇಕು.

ಮೊದಲು ಲಾಗ್ ಓದಿ

ಬಿಳಿ ಪುಟ ಬಂತು ಅಂದರೆ ಸಂದೇಶ ಇಲ್ಲ ಅಂತಲ್ಲ. ಅದು ಸರ್ವರ್ ತಪ್ಪುಗಳನ್ನು ಬರೆದಿಡುವ ಲಾಗ್ ಫೈಲಿನಲ್ಲಿ ಕೂತಿರುತ್ತದೆ. ಅಲ್ಲಿ ಮೂರರಲ್ಲಿ ಒಂದು ಸಿಗುತ್ತದೆ.

ಒಂದು, ಮೆಮೊರಿ ಮುಗಿಯಿತು ಎಂಬ ಸಂದೇಶ. ಅದರಲ್ಲಿ 134217728 ಎಂಬ ಸಂಖ್ಯೆ ಇದ್ದರೆ ಅದು ನಿಮ್ಮ ಮಿತಿ, 128 ಎಂಬಿ. ಪಿಎಚ್‌ಪಿ ತಾನಾಗಿ ಇಟ್ಟುಕೊಳ್ಳುವ ಮಿತಿಯೇ ಇದು. ಎಲ್ಲರೂ ಈ ಸಂಖ್ಯೆ ನೋಡಿ ಮಿತಿಯನ್ನು 512 ಎಂಬಿಗೆ ಏರಿಸಿ ಸುಮ್ಮನಾಗುತ್ತಾರೆ. ನಿಜವಾದ ಸುಳಿವು ಇರುವುದು ಅದೇ ಸಾಲಿನ ಕೊನೆಯಲ್ಲಿ, 'ಟ್ರೈಡ್ ಟು ಅಲೊಕೇಟ್' ಎಂದಾದ ಮೇಲೆ ಬರುವ ಸಂಖ್ಯೆಯಲ್ಲಿ. ಆ ಕ್ಷಣದಲ್ಲಿ ಕೋಡ್ ಎಷ್ಟು ಜಾಗ ಕೇಳಿತ್ತು ಅಂತ ಅದು ಹೇಳುತ್ತದೆ. ಅಲ್ಲಿ 5 ಕೋಟಿ, 6 ಕೋಟಿ ಬೈಟ್ ಅಂತ ಇದ್ದರೆ ಒಂದೇ ಒಂದು ವಸ್ತು ದೈತ್ಯನಂತೆ ಬೆಳೆಯುತ್ತಿದೆ, ಬಹುಶಃ ನಿಮ್ಮ ಸ್ಟ್ರಿಂಗೇ. ಬರೀ 4096 ಅಥವಾ 20480 ಅಂತ ಇದ್ದರೆ ಕಥೆ ಬೇರೆ. ಸಣ್ಣ ಸಣ್ಣ ವಸ್ತುಗಳು ಲಕ್ಷಗಟ್ಟಲೆ ಸೇರಿ ಮನೆ ತುಂಬಿದೆ. ಆಗ ಅರೇಗಳನ್ನು, ಡೇಟಾಬೇಸಿನಿಂದ ತಂದ ಸಾಲುಗಳನ್ನು ನೋಡಿ.

ಎರಡು, 30 ಸೆಕೆಂಡ್ ಮೀರಿತು ಎಂಬ ಸಂದೇಶ. ಲಿನಕ್ಸ್ ಸರ್ವರಿನಲ್ಲಿ ಮಾಮೂಲಿ ಎಫ್‌ಪಿಎಂ (ವೆಬ್ ಸರ್ವರಿಗಾಗಿ ಪಿಎಚ್‌ಪಿ ಓಡಿಸುವ ಸೇವೆ) ಜೊತೆ ಓಡುವ ಪಿಎಚ್‌ಪಿ ಈ 30 ಸೆಕೆಂಡಿನಲ್ಲಿ ತಾನು ದುಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ. ಡೇಟಾಬೇಸಿನ ಉತ್ತರಕ್ಕೆ ಕಾಯುತ್ತಾ ಕೂತ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಈ ಸಂದೇಶ ಬಂದರೆ ಪಿಎಚ್‌ಪಿಯೇ ಬೆವರು ಸುರಿಸಿದೆ ಎಂದರ್ಥ. ನಕಲು ಮಾಡುವುದೂ ಆ ಬೆವರಿನಲ್ಲಿ ಸೇರುತ್ತದೆ. ವಿಂಡೋಸ್‌ನಲ್ಲಿ ಹಾಗಲ್ಲ, ಅಲ್ಲಿ ಗಡಿಯಾರದ ಹೊತ್ತೇ ಲೆಕ್ಕ.

ಮೂರು, ಪಿಎಚ್‌ಪಿಯಿಂದ ಏನೂ ದೂರಿಲ್ಲ, ಎಂಜಿನ್‌ಎಕ್ಸ್ 504 ಕೊಟ್ಟಿದೆ. ಪುಟವನ್ನು ಬ್ರೌಸರಿಗೆ ಕಳಿಸುವ ವೆಬ್ ಸರ್ವರ್ ಇದು, 504 ಅಂದರೆ ಉತ್ತರಕ್ಕೆ ಕಾದು ಸಾಕಾಯಿತು ಅಂತ. ಎಂಜಿನ್‌ಎಕ್ಸ್ ತಾನಾಗಿ 60 ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತಾದರೂ ಪಿಎಚ್‌ಪಿಯ 30 ಸೆಕೆಂಡ್ ತುಂಬಿಲ್ಲ ಅಂದರೆ ಪಿಎಚ್‌ಪಿ ದುಡಿಯುತ್ತಿರಲಿಲ್ಲ, ಕಾಯುತ್ತಿತ್ತು. ಆಗ ಸ್ಟ್ರಿಂಗ್ ಮೇಲೆ ಅನುಮಾನ ಪಡುವುದು ಬಿಟ್ಟು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ನೋಡಿ.

ಇಲ್ಲಿ ಒಂದು ಎಚ್ಚರ. ಟರ್ಮಿನಲ್‌ನಲ್ಲಿ ಓಡಿಸಿ ನೋಡಿದೆ, ಸರಿಯಾಗೇ ಬಂತು ಅಂತ ನಿಶ್ಚಿಂತರಾಗಬೇಡಿ. ಟರ್ಮಿನಲ್‌ನಲ್ಲಿ ಓಡುವ ಪಿಎಚ್‌ಪಿಗೆ ಸಮಯದ ಮಿತಿಯೇ ಇಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಅದರ ಸೆಟ್ಟಿಂಗ್ ಫೈಲೂ ಬೇರೆ.

ಎರಡರಷ್ಟು ಕೊಟ್ಟು ನೋಡಿ

ನನಗೆ ಅತಿ ಹೆಚ್ಚು ಕೈಹಿಡಿದ ಪರೀಕ್ಷೆ ಇದು. 5,000 ಸಾಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. ಆಮೇಲೆ 10,000, ಆಮೇಲೆ 20,000. ಸಮಯ ಅಳೆಯಲು ಎಚ್‌ಆರ್‌ಟೈಮ್ ಫಂಕ್ಷನ್ ಸಾಕು, ಪಿಎಚ್‌ಪಿ 7.3ರಿಂದ ಇದೆ. ದೋಷ ಹುಡುಕುವ ಸಾಧನವಾದ ಎಕ್ಸ್‌ಡಿಬಗ್ ಆನ್ ಇದ್ದರೆ ಮೊದಲು ಆಫ್ ಮಾಡಿ. ಅದು ಎಲ್ಲವನ್ನೂ ನಿಧಾನ ಮಾಡಿ ಲೆಕ್ಕ ಕೆಡಿಸುತ್ತದೆ.

ಸಾಲು ಎರಡರಷ್ಟಾದಾಗ ಸಮಯವೂ ಎರಡರಷ್ಟಾದರೆ ಜೋಡಣೆ ಸರಿಯಾಗಿದೆ. ಪ್ರತಿ ಸಾಲಿನ ಕೆಲಸವೇ ಭಾರ ಇರಬಹುದು, ಅದು ಬೇರೆ ವಿಷಯ. ಸಮಯ ನಾಲ್ಕರಷ್ಟಾದರೆ, ಸಾಲು ಬೆಳೆದ ಹಾಗೆ ಪ್ರತಿ ಸುತ್ತಿನ ಕೆಲಸವೂ ಬೆಳೆಯುತ್ತಿದೆ. ದೊಡ್ಡ ಸ್ಟ್ರಿಂಗ್ ಪ್ರತಿ ಸಲ ಪೂರ್ತಿ ನಕಲಾಗುತ್ತಿದ್ದರೆ ಆಗುವುದು ಇದೇ.

ಲೆಕ್ಕ ಹಾಕಿ ನೋಡಿ. 20,000 ಸಾಲು, ಒಂದೊಂದೂ 600 ಬೈಟ್. ಪೂರ್ತಿ ಪುಟ 12 ಎಂಬಿ. ಒಂದೊಂದು ಸಾಲು ಸೇರಿಸುವಾಗಲೂ ಅಲ್ಲಿಯವರೆಗಿನದ್ದನ್ನೆಲ್ಲ ನಕಲು ಮಾಡಿದರೆ, ಸರಾಸರಿ 6 ಎಂಬಿಯಂತೆ 20,000 ಸಲ. ಒಟ್ಟು 120 ಜಿಬಿ. 12 ಎಂಬಿ ಪುಟಕ್ಕೆ 120 ಜಿಬಿ ಓಡಾಟ! 10,000 ಸಾಲಿದ್ದಾಗ ಅದೇ ಲೆಕ್ಕ 30 ಜಿಬಿ. ಒಂದೂರಿನ ಪಟ್ಟಿ ಚಕ್ ಅಂತ ಬಂದು ತಾಲ್ಲೂಕಿನದ್ದು ಮುಗ್ಗರಿಸಿದ್ದು ಇದಕ್ಕೇ.

ಹಾಗಂತ ನಾಲ್ಕರಷ್ಟಾದ ಕೂಡಲೇ ಸ್ಟ್ರಿಂಗೇ ಕಳ್ಳ ಅಂತ ತೀರ್ಮಾನ ಮಾಡಬೇಡಿ. ಲೂಪಿನೊಳಗೆ ಬೆಳೆಯುವ ಅರೇಯೊಂದರಲ್ಲಿ ಹೆಸರು ಇದೆಯಾ ಅಂತ ಇನ್-ಅರೇ ಹಾಕಿ ಹುಡುಕುತ್ತಿದ್ದರೂ ಹೀಗೇ ಆಗುತ್ತದೆ. ಕ್ವೆರಿಯಲ್ಲಿ ಆಫ್‌ಸೆಟ್ (ಎಷ್ಟು ಸಾಲು ಬಿಟ್ಟು ಶುರು ಎಂಬ ಸಂಖ್ಯೆ) ಏರಿಸುತ್ತಾ ಕಂತು ಕಂತಾಗಿ ತರುತ್ತಿದ್ದರೂ ಅಷ್ಟೇ. ಬೇರ್ಪಡಿಸಲು ಒಂದು ಉಪಾಯ ಇದೆ. ಸಾಲನ್ನು ಎಂದಿನಂತೆ ಕಟ್ಟಿ, ಆದರೆ ದೊಡ್ಡ ಸ್ಟ್ರಿಂಗಿಗೆ ಸೇರಿಸಬೇಡಿ. ಅದರ ಉದ್ದವನ್ನು ಮಾತ್ರ ಒಂದು ಮೊತ್ತಕ್ಕೆ ಕೂಡಿಸಿ. ಮತ್ತೆ ಮೂರೂ ಅಳತೆ ತೆಗೆಯಿರಿ. ಈಗ ಎರಡರಷ್ಟಕ್ಕೆ ಇಳಿದರೆ ತೊಂದರೆ ಸೇರಿಸುವ ಜಾಗದಲ್ಲೇ ಇದೆ. ಇಳಿಯದಿದ್ದರೆ ಬೇರೆ ಕಡೆ ಹುಡುಕಿ.

ನಕಲು ಎಲ್ಲಾಗುತ್ತಿದೆ?

ಮಾಲೆ ಕಟ್ಟುವಾಗ ದಾರದ ತುದಿಗೆ ಒಂದೊಂದೇ ಹೂವು ಕಟ್ಟುತ್ತಾ ಹೋಗುತ್ತೇವೆ. ಪ್ರತಿ ಹೂವಿಗೂ ಹೊಸ ದಾರ ತಗೊಂಡು, ಹಿಂದಿನ ಹೂವೆಲ್ಲ ಬಿಚ್ಚಿ ಮತ್ತೆ ಕಟ್ಟುವುದಿಲ್ಲ ಅಲ್ವಾ? ಪಿಎಚ್‌ಪಿಗೂ ತುದಿಗೆ ಕಟ್ಟಲು ಬರುತ್ತದೆ. ಹೇಗೆ ಹೇಳಬೇಕೋ ಹಾಗೆ ಹೇಳಬೇಕು ಅಷ್ಟೇ.

$ಪುಟ .= $ಸಾಲು;

ಪಿಎಚ್‌ಪಿಯಲ್ಲಿ ವೇರಿಯಬಲ್‌ಗೂ ನಾವು ಬರೆಯುವ ಫಂಕ್ಷನ್ನಿಗೂ ಕನ್ನಡದಲ್ಲೇ ಹೆಸರಿಡಬಹುದು. ಈ ಬರಹದ ಕೋಡ್ ಸಾಲುಗಳನ್ನು ಹಾಗೇ ಬಳಸಬಹುದು.

ಮೇಲಿನ ಸಾಲು ಓಡುವಾಗ, ಆ ಸ್ಟ್ರಿಂಗನ್ನು ಬೇರೆ ಯಾರೂ ಹಿಡಿದಿಲ್ಲದಿದ್ದರೆ, ಪಿಎಚ್‌ಪಿ ಅದೇ ಜಾಗವನ್ನು ಹಿಗ್ಗಿಸಿ ಹೊಸದನ್ನು ತುದಿಗೆ ಬರೆಯಲು ನೋಡುತ್ತದೆ. ಅಕ್ಕಪಕ್ಕ ಜಾಗ ಇಲ್ಲದಾಗ ಮಾತ್ರ ಎತ್ತಿ ಬೇರೆ ಕಡೆ ಇಡುತ್ತದೆ. ಇದು ಒಳ್ಳೆಯ ರೂಪ. ಕೆಟ್ಟ ರೂಪಗಳು ಇದಕ್ಕೆ ತುಂಬಾ ಹತ್ತಿರ ಇರುತ್ತವೆ, ಕಣ್ಣು ತಪ್ಪಿಸುವಷ್ಟು.

$ಪುಟ = $ಪುಟ . $ಹೆಸರು . $ಊರು . $ಷೇರು;

ಫಲಿತಾಂಶ ಒಂದೇ, ಕೆಲಸ ಬೇರೆ. ಇಲ್ಲಿ ಮೊದಲು ಪುಟ ಮತ್ತು ಹೆಸರು ಸೇರಿ ಒಂದು ಹೊಸ ಸ್ಟ್ರಿಂಗ್ ಆಗುತ್ತದೆ. ಅಂದರೆ ಪೂರ್ತಿ ಪುಟ ನಕಲಾಯಿತು. ಉಳಿದವು ಅದರ ತುದಿಗೆ ಸೇರುತ್ತವೆ. ಆಮೇಲೆ ಹಳೆಯ ಪುಟ ಕಸಕ್ಕೆ. ಆ ನಡುವಿನ ಕ್ಷಣದಲ್ಲಿ ಹಳೆಯದೂ ಹೊಸದೂ ಎರಡೂ ಮೆಮೊರಿಯಲ್ಲಿ ಇರುತ್ತವೆ. ಹಾಗಾಗಿ 128 ಎಂಬಿ ಮಿತಿ ಇದ್ದರೂ ಸ್ಟ್ರಿಂಗ್ 64 ಎಂಬಿ ಹತ್ತಿರ ಬರುವಾಗಲೇ ಪುಟ ಬೀಳುತ್ತದೆ. ಇದನ್ನೇ .= ಹಾಕಿ ಬರೆದರೆ ಬಲಗಡೆಯ ಮೂರು ಚಿಕ್ಕ ತುಂಡು ಮೊದಲು ಸೇರಿ, ಆಮೇಲೆ ಒಮ್ಮೆ ಮಾತ್ರ ಪುಟದ ತುದಿಗೆ ಹೋಗುತ್ತವೆ.

$ಪುಟ = $ಸಾಲು . $ಪುಟ;

ಹೊಸದು ಮೇಲೆ ಬರಲಿ ಅಂತ ಹೀಗೆ ಬರೆಯುತ್ತಾರೆ. ಮುಂದೆ ಸೇರಿಸಲು ತುದಿ ಹಿಗ್ಗಿಸಿ ಪ್ರಯೋಜನವಿಲ್ಲ, ಎಲ್ಲವನ್ನೂ ಸರಿಸಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಕ್ವೆರಿಯಲ್ಲೇ ಕ್ರಮ ತಿರುಗಿಸಿ ತನ್ನಿ, ಅಥವಾ ಅರೇಯನ್ನು ತಿರುವಿಹಾಕಿ, ಮತ್ತೆ ತುದಿಗೇ ಸೇರಿಸಿ.

ಇನ್ನೊಂದು ರೂಪ ಹಳೆಯ ಟೆಂಪ್ಲೇಟ್ ಕೋಡ್‌ಗಳಲ್ಲಿ ಸಿಗುತ್ತದೆ. ಪುಟದ ನಡುವೆ ಒಂದು ಗುರುತು ಇಟ್ಟು, ಪ್ರತಿ ಸಾಲಿಗೂ ಸ್ಟ್ರ್-ರಿಪ್ಲೇಸ್ ಹಾಕಿ, ಗುರುತಿನ ಜಾಗದಲ್ಲಿ "ಹೊಸ ಸಾಲು ಮತ್ತು ಅದೇ ಗುರುತು" ತುಂಬುತ್ತಾ ಹೋಗುವುದು. ಇದು ಮೇಲಿನವಕ್ಕಿಂತ ದುಬಾರಿ. ಪ್ರತಿ ಸಲ ಪೂರ್ತಿ ಪುಟವನ್ನು ಹುಡುಕಬೇಕು, ಹುಡುಕಿ ಪೂರ್ತಿ ನಕಲೂ ಮಾಡಬೇಕು. ಸಾಲುಗಳನ್ನೆಲ್ಲ ಬೇರೆ ಕಡೆ ಕಟ್ಟಿ, ಗುರುತನ್ನು ಒಂದೇ ಸಲ ಬದಲಿಸಿ.

ಈಗ ನಮ್ಮ ಪುಟದಲ್ಲಿ ಇದ್ದ ದೋಷಕ್ಕೆ ಬರುತ್ತೇನೆ. ಇದನ್ನು ಹಿಡಿಯಲು ನನಗೆ ಅರ್ಧ ದಿನ ಬೇಕಾಯಿತು. ಕೋಡ್ ನೋಡಿದರೆ ಎಲ್ಲ ಕಡೆ .= ಇತ್ತು, ತಪ್ಪೇ ಕಾಣುತ್ತಿರಲಿಲ್ಲ.

$ಪುಟ = ಸಾಲು_ಸೇರಿಸು($ಪುಟ, $ಸದಸ್ಯ);

ಫಂಕ್ಷನ್ ಒಳಗೆ ಪುಟ ಬರುತ್ತದೆ, .= ಹಾಕಿ ಸಾಲು ಸೇರಿಸುತ್ತದೆ, ಪುಟವನ್ನು ಹಿಂದಿರುಗಿಸುತ್ತದೆ. ಓದಲು ಅಚ್ಚುಕಟ್ಟು. ಆದರೆ ಒಳಗೆ ನಡೆಯುವುದೇನು? ಪಿಎಚ್‌ಪಿ ಪ್ರತಿ ಸ್ಟ್ರಿಂಗಿಗೂ ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಇಡುತ್ತದೆ. ಫಂಕ್ಷನ್ನಿಗೆ ಕೊಟ್ಟಾಗ ನಕಲಾಗುವುದಿಲ್ಲ, ಎಣಿಕೆ ಏರುತ್ತದೆ ಅಷ್ಟೇ. ಹೊರಗಿನ ಪುಟ ಒಬ್ಬ, ಒಳಗಿನ ಪುಟ ಇನ್ನೊಬ್ಬ. ಒಳಗೆ .= ಬಂದಾಗ ಪಿಎಚ್‌ಪಿ ನೋಡುತ್ತದೆ: ಇದನ್ನು ಇನ್ನೊಬ್ಬರೂ ಹಿಡಿದಿದ್ದಾರೆ, ಅವರದ್ದನ್ನು ನಾನು ಕೆಡಿಸುವ ಹಾಗಿಲ್ಲ. ಆಗ ಪೂರ್ತಿ ನಕಲು ತೆಗೆದು ಅದಕ್ಕೆ ಸೇರಿಸುತ್ತದೆ. ಒಂದೊಂದು ಸದಸ್ಯರಿಗೂ ಹೀಗೇ.

ಬದಲಿಸಿದ್ದು ಇಷ್ಟು:

$ಪುಟ .= ಸಾಲು_ಕಟ್ಟು($ಸದಸ್ಯ);

ಫಂಕ್ಷನ್ ತನ್ನ ಸಾಲನ್ನು ಮಾತ್ರ ಕಟ್ಟಿ ಕೊಡುತ್ತದೆ. ಸೇರಿಸುವ ಕೆಲಸ ಪುಟವನ್ನು ಹಿಡಿದವನದ್ದು. ಪುಟವನ್ನು ರೆಫರೆನ್ಸ್ ಆಗಿ, ಫಂಕ್ಷನ್ ಬರೆಯುವಾಗ ಆ ಹೆಸರಿಗಿಂತ ಮೊದಲು & ಹಾಕಿ, ಕೊಟ್ಟರೂ ನಕಲು ತಪ್ಪುತ್ತದೆ. ಆದರೆ ನನಗೆ ಮೊದಲಿನದೇ ಇಷ್ಟ. ಸಾಲು ಕಟ್ಟುವ ಫಂಕ್ಷನ್ನಿಗೆ ಪೂರ್ತಿ ಪುಟ ಯಾಕೆ ಬೇಕು?

ಇದೇ ಜಾತಿಯ ಇನ್ನೊಂದನ್ನು ಗಮನಿಸಿ. ಲೂಪಿನೊಳಗೆ ಯಾರೋ ಪರಿಶೀಲನೆಗೆ ಅಂತ $ಹಿಂದಿನದು = $ಪುಟ; ಅಂತ ಬರೆದು ಮರೆತಿರುತ್ತಾರೆ. ಆ ಸಾಲಿಗೆ ಏನೂ ಖರ್ಚಿಲ್ಲ. ಖರ್ಚು ಬೀಳುವುದು ಮುಂದಿನ .= ಮೇಲೆ. ಯಾವ ಸಾಲಿಗೆ ಎಷ್ಟು ಹೊತ್ತು ಅಂತ ಅಳೆಯುವ ಪ್ರೊಫೈಲರ್ ಕೂಡ .= ಇರುವ ಸಾಲನ್ನೇ ತೋರಿಸುತ್ತದೆ. ನೀವು ಅದನ್ನೇ ಹತ್ತು ಸಲ ತಿದ್ದುತ್ತೀರಿ, ತಪ್ಪು ಮೇಲಿನ ಸಾಲಿನಲ್ಲಿ ಕೂತಿರುತ್ತದೆ. .= ಮೇಲೆ ಅನುಮಾನ ಬಂದರೆ ಆ ಸಾಲಿಗಿಂತ ಮೊದಲು ಕೇಳಿಕೊಳ್ಳಬೇಕಾದ್ದು, ಈ ಸ್ಟ್ರಿಂಗನ್ನು ಇನ್ಯಾರು ಹಿಡಿದಿದ್ದಾರೆ ಅಂತ.

ಇಂಪ್ಲೋಡ್ ಬಗ್ಗೆ

ಜಾವಾ, ಪೈಥಾನ್ ಕಡೆಯಿಂದ ಬಂದವರು ಅರೇ ಕಟ್ಟಿ ಕೊನೆಗೆ ಸೇರಿಸುವ ಪದ್ಧತಿ ತರುತ್ತಾರೆ. ಅಲ್ಲಿ ಅದಕ್ಕೆ ಕಾರಣ ಇದೆ. ಪಿಎಚ್‌ಪಿಯಲ್ಲಿ ತುದಿ ಹಿಗ್ಗಿಸುವ ಅನುಕೂಲ ಇರುವುದರಿಂದ ಆ ಲಾಭ ಕರಗಿಹೋಗುತ್ತದೆ. ಖರ್ಚು ಮಾತ್ರ ಉಳಿಯುತ್ತದೆ. 64 ಬಿಟ್ ಪಿಎಚ್‌ಪಿಯಲ್ಲಿ ಪ್ರತಿ ಸ್ಟ್ರಿಂಗಿಗೂ 24 ಬೈಟ್ ತಲೆಪಟ್ಟಿ, ಕೊನೆಗೆ 1 ಬೈಟ್ ಮುಕ್ತಾಯ. 7 ಬೈಟಿನ ಪುಟ್ಟ ತುಂಡು 32 ಬೈಟ್ ತಿನ್ನುತ್ತದೆ. ಅರೇಯಲ್ಲಿ ಅದರ ಜಾಗಕ್ಕೆ ಇನ್ನೂ 16, ಪಿಎಚ್‌ಪಿ 8.2ಕ್ಕಿಂತ ಹಳೆಯದಾದರೆ 32. ಮೇಲಾಗಿ ಇಂಪ್ಲೋಡ್ ಆಗುವ ಕ್ಷಣದಲ್ಲಿ ಅರೇಯೂ ಇರಬೇಕು, ಪೂರ್ತಿ ಸ್ಟ್ರಿಂಗೂ ಇರಬೇಕು. ನಡುವೆ ಅಲ್ಪವಿರಾಮ ಹಾಕಿ ಹೆಸರು ಜೋಡಿಸುವಂಥ ಕೆಲಸಕ್ಕೆ ಇಂಪ್ಲೋಡ್ ಚೆನ್ನ. ಕೊನೆಯ ಅಲ್ಪವಿರಾಮ ತೆಗೆಯುವ ರಗಳೆ ಇರುವುದಿಲ್ಲ. ವೇಗಕ್ಕಾಗಿ ಅಂತ ಮಾತ್ರ ಅದರ ಹಿಂದೆ ಹೋಗಬೇಡಿ.

ಕನ್ನಡ ಅಕ್ಷರ ಬಂದಾಗ

ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇದ್ದು, ಕನ್ನಡ ಬಂದ ಕೂಡಲೇ ಕೆಡುವ ದೋಷಗಳಿವೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಅಕ್ಷರ, ಗುಣಿತದ ಗುರುತು, ಒತ್ತಿಗೆ ಕಾರಣವಾಗುವ ವಿರಾಮ, ಎಲ್ಲಕ್ಕೂ. 'ಲಕ್ಷ್ಮಮ್ಮ' ತಗೊಳ್ಳಿ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಬಿಡಿಸಿದರೆ ಲ, ಕ, ವಿರಾಮ, ಷ, ವಿರಾಮ, ಮ, ಮ, ವಿರಾಮ, ಮ. ಒಂಬತ್ತು ಚಿಹ್ನೆ, 27 ಬೈಟ್. ಸ್ಟ್ರ್‌ಲೆನ್ 27 ಅನ್ನುತ್ತದೆ, ಎಂಬಿ-ಸ್ಟ್ರ್‌ಲೆನ್ 9 ಅನ್ನುತ್ತದೆ.

ಕಾಲಮ್ ಚಿಕ್ಕದು ಅಂತ ಹೆಸರನ್ನು ಸಬ್‌ಸ್ಟ್ರ್ ಹಾಕಿ 20 ಬೈಟಿಗೆ ಕತ್ತರಿಸಿದರೆ ಆರು ಚಿಹ್ನೆ ಪೂರ್ತಿ ಬಂದು ಏಳನೆಯದು ಮುರಿಯುತ್ತದೆ. ಮುರಿದ ಸ್ಟ್ರಿಂಗನ್ನು, ಪುಟದಲ್ಲಿ ಸುರಕ್ಷಿತವಾಗಿ ತೋರಿಸಲು ಬಳಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಕೊಟ್ಟರೆ, ಪಿಎಚ್‌ಪಿ 8.1ಕ್ಕಿಂತ ಮೊದಲಿನ ಆವೃತ್ತಿಗಳಲ್ಲಿ ಸುಮ್ನೆ ಖಾಲಿ ಸ್ಟ್ರಿಂಗ್ ಬರುತ್ತದೆ. ಉದ್ದ ಹೆಸರಿನವರ ಜಾಗ ಮಾತ್ರ ಖಾಲಿ! ಡೇಟಾಬೇಸಿನಲ್ಲಿ ಹೆಸರು ಇದೆ, ಪುಟದಲ್ಲಿ ಇಲ್ಲ ಅಂದರೆ ಮೊದಲು ಈ ಕತ್ತರಿಯನ್ನು ಹುಡುಕಿ. ಜೇಸನ್-ಎನ್‌ಕೋಡ್‌ಗೆ ಅದೇ ಮುರಿದ ಹೆಸರು ಹೋದರೆ ಇಡೀ ಉತ್ತರವೇ ಫಾಲ್ಸ್ ಆಗುತ್ತದೆ. ಎಂಬಿ-ಸಬ್‌ಸ್ಟ್ರ್ ಬಳಸಿದರೆ ಚಿಹ್ನೆ ಮುರಿಯುವುದಿಲ್ಲ. ಆದರೆ ವಿರಾಮದ ಮೇಲೆ ಕತ್ತರಿಸಿ 'ಲಕ್' ಅಂತ ನಿಲ್ಲಿಸಬಹುದು. ಹಾಗಾಗಿ ಹೆಸರನ್ನು ಕತ್ತರಿಸದೇ, ಅಗಲವನ್ನು ಸಿಎಸ್ಎಸ್‌ಗೆ ಬಿಡುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಸರು ಅವರದ್ದು, ಅರ್ಧ ತೋರಿಸುವ ಹಕ್ಕು ನಮಗಿಲ್ಲ.

ವೇಗಕ್ಕೆ ಸಂಬಂಧಪಟ್ಟದ್ದು ಇದು. ಉದ್ದ ಪಠ್ಯವನ್ನು ಚಿಹ್ನೆ ಚಿಹ್ನೆಯಾಗಿ ನೋಡಲು ಲೂಪ್ ಹಾಕಿ, ಪ್ರತಿ ಸುತ್ತಿನಲ್ಲಿ ಎಂಬಿ-ಸಬ್‌ಸ್ಟ್ರ್ ಕರೆದರೆ, ಅದು ಪ್ರತಿ ಸಲ ಮೊದಲಿನಿಂದ ಎಣಿಸುತ್ತಾ ಬರಬೇಕು. 10,000 ಚಿಹ್ನೆಯ ಪಠ್ಯಕ್ಕೆ ಸುಮಾರು 5 ಕೋಟಿ ಹೆಜ್ಜೆ. ಎಂಬಿ-ಸ್ಟ್ರ್-ಸ್ಪ್ಲಿಟ್ ಒಂದೇ ಸಲ ಬಿಡಿಸಿ ಅರೇ ಕೊಡುತ್ತದೆ, ಪಿಎಚ್‌ಪಿ 7.4ರಿಂದ ಇದೆ. ಎರಡರಷ್ಟು ಪರೀಕ್ಷೆಯಲ್ಲಿ ಇದೂ ನಾಲ್ಕರಷ್ಟಾಗಿಯೇ ಕಾಣುತ್ತದೆ.

ನಕಲು ತಪ್ಪಿಸಿದ ಮೇಲೂ ಮೆಮೊರಿ ಮುಗಿದರೆ

ನಮ್ಮಲ್ಲಿ ಹಾಗೇ ಆಯಿತು. ಸಮಯ ಎರಡರಷ್ಟಕ್ಕೆ ಇಳಿಯಿತು, ತಾಲ್ಲೂಕಿನ ಪಟ್ಟಿ ಬಂತು. ಜಿಲ್ಲೆಯದ್ದು ಕೇಳಿದಾಗ ಮತ್ತೆ ಬಿಳಿ ಪುಟ. ಲಾಗಿನಲ್ಲಿ ಈ ಸಲ 'ಟ್ರೈಡ್ ಟು ಅಲೊಕೇಟ್' ಸಂಖ್ಯೆ ತೀರಾ ಚಿಕ್ಕದು. ಅಂದರೆ ಸ್ಟ್ರಿಂಗ್ ಅಲ್ಲ.

ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಪಿಎಚ್‌ಪಿ ತಾನಾಗಿ ಕ್ವೆರಿಯ ಎಲ್ಲ ಸಾಲುಗಳನ್ನೂ ಒಮ್ಮೆಗೇ ತಂದು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಈಗಿನ ಮೈಎಸ್‌ಕ್ಯೂಎಲ್‌ಎನ್‌ಡಿ ಡ್ರೈವರಿನಲ್ಲಿ ಅದೂ 128 ಎಂಬಿಯ ಲೆಕ್ಕಕ್ಕೇ ಸೇರುತ್ತದೆ. ಅದರ ಮೇಲೆ ಫೆಚ್-ಆಲ್ ಮಾಡಿದ್ದರೆ ಅರೇಯಾಗಿ ಇನ್ನೊಂದು ಪ್ರತಿ. ಅದರ ಮೇಲೆ ಪುಟದ ಸ್ಟ್ರಿಂಗ್. ಒಂದೇ ಮಾಹಿತಿ ಮೂರು ಕಡೆ. ಪಿಡಿಓದಲ್ಲಿ (ಡೇಟಾಬೇಸಿನ ಜೊತೆ ಮಾತಾಡುವ ಪಿಎಚ್‌ಪಿ ಸಾಧನ) ಬಫರ್ಡ್ ಕ್ವೆರಿ, ಅಂದರೆ ಎಲ್ಲ ಸಾಲನ್ನೂ ಒಮ್ಮೆಗೇ ತರುವ ಕ್ರಮ, ಆಫ್ ಮಾಡಿ, ಒಂದೊಂದೇ ಸಾಲು ಫೆಚ್ ಮಾಡಿ. ಹಾಗೆ ಮಾಡಿದಾಗ ಎಲ್ಲ ಸಾಲು ಓದಿ ಮುಗಿಯುವವರೆಗೆ ಅದೇ ಕನೆಕ್ಷನ್‌ನಲ್ಲಿ ಬೇರೆ ಕ್ವೆರಿ ಓಡಿಸಲು ಆಗುವುದಿಲ್ಲ. ಲೂಪಿನೊಳಗೆ ಇನ್ನೊಂದು ಕ್ವೆರಿ ಇದ್ದರೆ ಅದನ್ನು ಮೊದಲು ಜಾಯಿನ್ ಮಾಡಿ ಹೊರಗೆ ತನ್ನಿ.

ಆಮೇಲೆ ಪುಟದ ಸ್ಟ್ರಿಂಗನ್ನೇ ಕಟ್ಟಬೇಡಿ. ಸಾಲು ಆದ ಹಾಗೆ ಎಕೋ ಮಾಡಿ. ಎಕೋಗೆ ಚುಕ್ಕೆ ಬದಲು ಅಲ್ಪವಿರಾಮ ಹಾಕಿ ಹಲವು ತುಂಡು ಕೊಡಬಹುದು, ಜೋಡಿಸುವ ಕೆಲಸವೇ ಇರುವುದಿಲ್ಲ. ಎಕೋ ಮಾಡಿದರೂ ಮೆಮೊರಿ ಏರುತ್ತಲೇ ಇದ್ದರೆ ಔಟ್‌ಪುಟ್ ಕೂಡಿಡುವ ಬಫರ್ ಎಷ್ಟು ಪದರ ಇದೆ ಅಂತ ತಿಳಿಸುವ ಓಬಿ-ಗೆಟ್-ಲೆವೆಲ್ ಎಷ್ಟು ಹೇಳುತ್ತದೆ ನೋಡಿ. ಫ್ರೇಮ್‌ವರ್ಕ್ ಎಲ್ಲೋ ಓಬಿ-ಸ್ಟಾರ್ಟ್ ಮಾಡಿ ನಿಮ್ಮ ಔಟ್‌ಪುಟ್ ಎಲ್ಲವನ್ನೂ ಕೂಡಿಡುತ್ತಿರುತ್ತದೆ. ನೀವು ಸ್ಟ್ರಿಂಗ್ ಕಟ್ಟದಿದ್ದರೂ ಅದು ಕಟ್ಟುತ್ತಿದೆ. ಈ ಪುಟದ ಮಟ್ಟಿಗೆ ಆ ಬಫರನ್ನು ಮುಚ್ಚಿ ಮುಂದುವರಿಯಿರಿ.

ಕೊನೆಗೆ ಅತಿ ಹೆಚ್ಚೆಂದರೆ ಎಷ್ಟು ಮೆಮೊರಿ ಹಿಡಿಯಿತು ಅಂತ ಹೇಳುವ ಮೆಮೊರಿ-ಗೆಟ್-ಪೀಕ್-ಯೂಸೇಜ್ ಅನ್ನು ಲಾಗಿಗೆ ಬರೆಸಿ. 5,000, 10,000, 20,000 ಸಾಲಿಗೆ ಆ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇದ್ದರೆ ಮೆಮೊರಿಯ ಮಟ್ಟಿಗೆ ಪುಟ ಈಗ ಎಷ್ಟು ದೊಡ್ಡ ಪಟ್ಟಿಯನ್ನಾದರೂ ತಡೆದುಕೊಳ್ಳುತ್ತದೆ. ನಮ್ಮ ಪುಟದಲ್ಲಿ ಮೂರೂ ಸಂಖ್ಯೆ ಸಮ ಬಂದ ಮೇಲೇ ನಾನು ಗುಮಾಸ್ತರಿಗೆ ಫೋನ್ ಮಾಡಿ, ಜಿಲ್ಲೆಯ ಪಟ್ಟಿ ತೆಗೆದುಕೊಳ್ಳಿ ಅಂದದ್ದು.